ಎರಡು ದಡಕ್ಕೂ ಒಪ್ಪುವ ಹೆಸರು

ನಮ್ಮೂರಿನಲ್ಲಿ ತೊಟ್ಟಿಲನ್ನು ಯಾರೂ ಕೊಳ್ಳುವುದಿಲ್ಲ. ಸೇತುವೆಯ ಪಕ್ಕದ ನನ್ನ ಅಂಗಡಿಯಿಂದ ಬಾಡಿಗೆಗೆ ಒಯ್ಯುತ್ತಾರೆ, ಮಗುವಿಗೆ ಹೆಸರಿಟ್ಟ ದಿನ ತಂದು ಒಪ್ಪಿಸುತ್ತಾರೆ. ಸ್ವಂತ ತೊಟ್ಟಿಲಿದ್ದರೆ ಹೆಸರಿಡುವುದಕ್ಕೆ ಯಾರಿಗೂ ಅವಸರ ಇರುವುದಿಲ್ಲ, ಹೆಸರಿಡದಿದ್ದರೆ ಮಗು ಬೆಳೆಯುವುದಿಲ್ಲ. ಬೆಳೆಯುವುದಿಲ್ಲ ಎಂದರೆ ಬೆಳೆಯುವುದಿಲ್ಲ. ಹಾಲು ಕುಡಿಯುತ್ತದೆ, ಅಳುತ್ತದೆ, ಬಟ್ಟೆ ಒದ್ದೆ ಮಾಡುತ್ತದೆ, ನಗುತ್ತದೆ, ಆದರೆ ಇದ್ದಷ್ಟೇ ಇರುತ್ತದೆ. ಮೇಲಿನ ಬೀದಿಯಲ್ಲಿ ತಂಗಿಯ ಮದುವೆಯ ದಿನ ಅವಳ ಅಣ್ಣನನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಡಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಧಾರೆಯ ಹೊತ್ತಿಗೆ ಸರಿಯಾಗಿ ಹಸಿವಾಗಿ ಅತ್ತ, ಪಾಪ. ಅವರ ಮನೆಯಲ್ಲಿ ಹೆಸರಿನ ವಿಚಾರ ಇನ್ನೂ ನಡೆಯುತ್ತಿದೆಯಂತೆ. ಊರಿನವರು ಅದನ್ನು ದೊಡ್ಡ ಸಂಗತಿ ಎಂದುಕೊಳ್ಳುವುದಿಲ್ಲ, ಮದುವೆಗೆ ಹೋದವರು ವಧುವಿಗೆ ಸೀರೆಯನ್ನೂ ಅಣ್ಣನಿಗೆ ಗಿಲಕಿಯನ್ನೂ ಕೊಟ್ಟು ಬಂದರು.

ಹೆಸರು ಹಿಡಿಯಬೇಕಾದರೆ ತಾಯಿಯ ಕಡೆಯ ಹಿರಿಯರೊಬ್ಬರು, ತಂದೆಯ ಕಡೆಯ ಹಿರಿಯರೊಬ್ಬರು, ಒಂದೇ ದಿನ ಒಂದೇ ಹೆಸರಿನಿಂದ ಮಗುವನ್ನು ಕರೆಯಬೇಕು. ಹೆತ್ತವರು ಕರೆದರೆ ನಡೆಯುವುದಿಲ್ಲ. ಹೆತ್ತವರ ಮಾತು ಎಲ್ಲಿ ತಾನೇ ನಡೆಯುತ್ತದೆ? ಪುಟ್ಟಿ, ಚಿನ್ನಿ, ಬಂಗಾರಿ ಎಂಬ ಮುದ್ದಿನ ಹೆಸರುಗಳೂ ನಡೆಯುವುದಿಲ್ಲ. ನಡೆಯುವ ಹಾಗಿದ್ದರೆ ಊರಿನ ಅರ್ಧ ಜನ ಪುಟ್ಟಿಯರಾಗಿಯೇ ಬೆಳೆದು ಮುದುಕಿಯರಾಗುತ್ತಿದ್ದರು. ನಮ್ಮ ಕನ್ನಡದ ಕೇರಿಯಲ್ಲಿ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವವರಿಲ್ಲ. ಸೋದರತ್ತೆ ಬಂದು ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುತ್ತಾಳೆ, ತಾಯಿಯ ತವರಿನವರು ಅದನ್ನೇ ಕರೆಯುತ್ತಾರೆ, ಎಲ್ಲರೂ ಸೇರಿ ಸೋದರತ್ತೆಯ ಬೆನ್ನಿಗೆ ಗುದ್ದುತ್ತಾರೆ, ಊಟ ಮಾಡಿ ಮನೆಗೆ ಹೋಗುತ್ತಾರೆ. ನನ್ನ ವ್ಯಾಪಾರ ನಡೆಯುವುದು ನಮ್ಮವರಿಂದಲ್ಲ.

ನದಿಯ ಆ ದಡದಲ್ಲಿ ಸ್ಪ್ಯಾನಿಷ್ ಆಡುವವರು, ಈ ದಡದಲ್ಲಿ ಇಂಗ್ಲಿಷ್ ಆಡುವವರು. ಸೇತುವೆಯ ಆಜೂಬಾಜು ನಾವು ಕೆಲವು ಕನ್ನಡದ ಮನೆಗಳವರು. ಇನ್ನೊಬ್ಬರ ಭಾಷೆಯನ್ನು ಕಲಿತರೆ ತಾವು ಸೋತ ಹಾಗೆ ಎಂದು ಎರಡು ದಡದವರೂ ನಂಬಿರುವುದರಿಂದ, ಸಂತೆಯಲ್ಲಿ ಈರುಳ್ಳಿ ಕೊಳ್ಳುವುದಕ್ಕೂ ಬೀಗರ ಜೊತೆ ಜಗಳ ಆಡುವುದಕ್ಕೂ ಕನ್ನಡವನ್ನೇ ಇಟ್ಟುಕೊಂಡಿದ್ದಾರೆ. ಕನ್ನಡದ ಮೇಲಿನ ಅಭಿಮಾನದಿಂದ ಎಂದು ನಾವು ಉಬ್ಬಬೇಕಾಗಿಲ್ಲ. ಸಂತೆಯ ತಕ್ಕಡಿಯ ಹಾಗೆ ಅದು ಇಬ್ಬರಿಗೂ ಸೇರಿದ್ದಲ್ಲ, ಅಷ್ಟೇ. ಇಷ್ಟಾದರೂ ವರ್ಷಕ್ಕೆ ಒಂದೆರಡು ಮದುವೆಗಳು ಸೇತುವೆ ದಾಟಿಯೇ ನಡೆಯುತ್ತವೆ. ಅಂಥ ಮದುವೆಯ ಓಲಗ ಕೇಳಿದ ದಿನ ನಾನು ಒಂದು ತೊಟ್ಟಿಲಿಗೆ ಹೊಸದಾಗಿ ಬಣ್ಣ ಹೊಡೆಸುತ್ತೇನೆ.

ಮರಿಸೋಲ್ ಆ ದಡದವಳು, ಟೋಪಿ ಹೊಲಿಯುವವಳು. ಈ ದಡದ ಹ್ಯೂಬರ್ಟ್ ಪಿಯಾನೋಗಳ ಶ್ರುತಿ ಸರಿ ಮಾಡುವವನು. ಎರಡು ತಂತಿಗಳು ಒಂದಕ್ಕೊಂದು ಕೂದಲೆಳೆಯಷ್ಟು ಹೊಂದದಿದ್ದರೂ ಅವನ ಹುಬ್ಬು ಗಂಟಾಗುತ್ತಿತ್ತು. ತನ್ನ ತಾಯಿಯೂ ಅತ್ತೆಯೂ ಎಣ್ಣೆ ಸೀಗೆಕಾಯಿ ಎಂಬುದು ಮಾತ್ರ ಅವನ ಕಿವಿಗೆ ಬೀಳಲಿಲ್ಲ. ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಯಾರು ಏನು ಹೇಳಿದರೂ "ಅದೂ ಸರಿಯೇ" ಎನ್ನುತ್ತಿದ್ದ, ಅದಕ್ಕಿಂತ ಒಳ್ಳೆಯತನ ಇನ್ನೇನು ಬೇಕು. ಇಬ್ಬರೂ ಜಾಣತನ ಮಾಡಿ ಯಾವ ದಡಕ್ಕೂ ಸೇರದೆ ಸೇತುವೆಯ ಬುಡದಲ್ಲಿ, ನನ್ನ ಅಂಗಡಿಯ ಪಕ್ಕದಲ್ಲೇ ಮನೆ ಮಾಡಿದರು. ವರ್ಷ ತುಂಬುವುದರೊಳಗೆ ಹೆಣ್ಣು ಮಗು ಹುಟ್ಟಿತು. ಬೂದು ಕಣ್ಣು, ಕಪ್ಪು ಕೂದಲು. ಬಣ್ಣ ಹೊಡೆಸಿದ ತೊಟ್ಟಿಲನ್ನು ನಾನೇ ಹೊತ್ತುಕೊಂಡು ಹೋಗಿ ಕಟ್ಟಿಕೊಟ್ಟು ಬಂದೆ.

"ಹೆಚ್ಚು ದಿನ ಬೇಕಾಗಲ್ಲ ದೇವೀರಕ್ಕ," ಎಂದಳು ಮರಿಸೋಲ್. "ಎರಡು ಕಡೆಗೂ ಒಪ್ಪೋ ಹೆಸರು ಬೇಕಾದಷ್ಟಿವೆ."

ನಾನು ತೊಟ್ಟಿಲ ಕಡೆ ಮುಖ ತಿರುಗಿಸಿಕೊಂಡೆ. ಬಾಣಂತಿಯ ಎದುರಿಗೆ ನಗಬಾರದು.

ಹೆಸರಿಡುವುದಕ್ಕೆಂದು ಭಾನುವಾರದ ಊಟ ಶುರುವಾಯಿತು. ಆ ದಡದಿಂದ ಮರಿಸೋಲಳ ತಾಯಿ ಎಂಕಾರ್ನಾ ಆಲೂಗೆಡ್ಡೆ ಹಾಕಿದ ದಪ್ಪ ಆಮ್ಲೆಟ್ಟನ್ನು ತಟ್ಟೆ ಮುಚ್ಚಿಕೊಂಡು ಬರುತ್ತಿದ್ದರು. ಈ ದಡದಿಂದ ಹ್ಯೂಬರ್ಟನ ತಾಯಿ ವಿನಿಫ್ರೆಡ್ ಒಣದ್ರಾಕ್ಷಿಯ ಪುಡಿಂಗನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಇಬ್ಬರೂ ವಿಧವೆಯರು, ಇಬ್ಬರಿಗೂ ಒಂದೊಂದೇ ಮಗು, ಇಬ್ಬರಿಗೂ ಇದು ಮೊದಲ ಮೊಮ್ಮಗು. ಒಬ್ಬರನ್ನೊಬ್ಬರು ಬೀಗ್ತಿಯವರೇ ಎಂದು ಎಷ್ಟು ಮರ್ಯಾದೆಯಿಂದ ಕರೆದುಕೊಳ್ಳುತ್ತಿದ್ದರೆಂದರೆ ಕೇಳಿದವರಿಗೆ ಭಯವಾಗುತ್ತಿತ್ತು. ಒಬ್ಬರು ತಂದದ್ದನ್ನು ಇನ್ನೊಬ್ಬರು ಒಂದು ಚೂರು ಬಾಯಿಗೆ ಹಾಕಿಕೊಂಡು, "ಚೆನ್ನಾಗಿದೆ, ನಿಮ್ಮ ಕಡೆ ಹೀಗೇ ಮಾಡ್ತಾರಾ?" ಎಂದು ಕೇಳಿ ತಟ್ಟೆ ಸರಿಸುತ್ತಿದ್ದರು. ಪಕ್ಕದ ಮನೆಯವಳೆಂದು ನನ್ನನ್ನೂ ಕೂರಿಸಿಕೊಳ್ಳುತ್ತಿದ್ದರು. ಎರಡೂ ತಟ್ಟೆ ಖಾಲಿ ಮಾಡುತ್ತಿದ್ದವಳು ನಾನೇ.

"ಆನಾ ಅಂತ ಇಡೋಣ," ಎಂದಳು ಮರಿಸೋಲ್ ಮೊದಲ ಭಾನುವಾರ. "ಎರಡು ದಡದಲ್ಲೂ ಇದೆ ಆ ಹೆಸರು."

"ಬೇಡ," ಎಂದರು ವಿನಿಫ್ರೆಡ್. "ಅದೊಂದು ಹೆಸರೇನಮ್ಮ? ಬಾಗಿಲು ತೆಗೆಯೋದ್ರೊಳಗೆ ಮುಗಿದು ಹೋಗತ್ತೆ."

"ಹಾಗಾದ್ರೆ ಇಸಾಬೆಲ್."

"ಬೇಡ," ಎಂದರು ಎಂಕಾರ್ನಾ. "ನಮ್ಮ ಚಿಕ್ಕಮ್ಮ ಒಬ್ಬಳಿದ್ದಳು ಇಸಾಬೆಲ್ ಅಂತ. ಮದುವೆ ದಿನ ಅಡುಗೆಯವನ ಜೊತೆ ಹೋದಳು. ಅಡುಗೆಯನ್ನಾದ್ರೂ ಮುಗಿಸಿ ಹೋದನಾ ಅವನು? ಅದೂ ಇಲ್ಲ."

"ಅದೂ ಸರಿಯೇ," ಎಂದ ಹ್ಯೂಬರ್ಟ್.

ಲಾರಾ ಎಂಬ ಹೆಸರು ಬಂದ ಭಾನುವಾರ ವಿನಿಫ್ರೆಡ್ ಬಹಳ ನೊಂದುಕೊಂಡರು. "ಲಾರಾ ನಮ್ಮ ಬೆಕ್ಕು. ಇನ್ನೂ ಬದುಕಿದೆ."

"ಬೇಡಪ್ಪ ಬೇಡ," ಎಂದರು ಎಂಕಾರ್ನಾ ನನ್ನ ಕಡೆ ತಿರುಗಿ. "ನೋಡಿದ್ರಾ ದೇವೀರಮ್ಮ, ಅವರ ಬೆಕ್ಕಿನ ಹೆಸರನ್ನ ನಮ್ಮ ಮಗೂಗೆ ಇಡಬೇಕಂತೆ." ಆ ಹೆಸರನ್ನು ಹೇಳಿದ್ದು ತಾವೇ ಎಂಬುದು ಅಷ್ಟು ಹೊತ್ತಿಗೆ ಅವರಿಗೆ ಮರೆತುಹೋಗಿತ್ತು.

ಹೀಗೆ ಹೆಸರುಗಳು ಬಂದವು, ಹೋದವು. ಯಾವ ಹೆಸರಿನದ್ದೂ ತಪ್ಪಿರಲಿಲ್ಲ, ಆ ಹೆಸರನ್ನು ಮೊದಲು ಇಟ್ಟುಕೊಂಡವರದ್ದು ತಪ್ಪು. ಜಗತ್ತಿನಲ್ಲಿ ಇರುವ ಹೆಣ್ಣು ಹೆಸರುಗಳಲ್ಲಿ ಒಂದೊಂದರ ಹಿಂದೆಯೂ ಇಬ್ಬರಲ್ಲಿ ಒಬ್ಬರಿಗೆ ಗೊತ್ತಿರುವ ಒಬ್ಬ ಗಯ್ಯಾಳಿ, ಒಬ್ಬ ಸಾಲಗಾರ್ತಿ, ಇಲ್ಲವೇ ಮದುವೆಗೆ ಕರೆಯದ ಒಬ್ಬ ನೆಂಟರ ಹೆಂಗಸು ಇದ್ದೇ ಇರುತ್ತಿದ್ದಳು. ಎಂಕಾರ್ನಾ ಅವರ ಮನಸ್ಸಿನಲ್ಲಿದ್ದ ಹೆಸರು ಎಂಕಾರ್ನಾ. ವಿನಿಫ್ರೆಡ್ ಅವರ ಮನಸ್ಸಿನಲ್ಲಿದ್ದ ಹೆಸರು ವಿನಿಫ್ರೆಡ್. ಇಬ್ಬರೂ ದೊಡ್ಡ ಮನಸ್ಸಿನವರಾದ್ದರಿಂದ ಅದನ್ನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಬೇರೆಯವರು ಹೇಳಲಿ ಎಂದು ಕಾಯುತ್ತಿದ್ದರು.

ಮೊದಲ ವರ್ಷ ಮರಿಸೋಲ್ ನಕ್ಕಳು. ಎರಡನೆಯ ವರ್ಷ ಅತ್ತಳು. ಆಮೇಲೆ ಅವಳಿಗೆ ಎರಡಕ್ಕೂ ಪುರುಸೊತ್ತು ಸಿಗಲಿಲ್ಲ. ನಿದ್ದೆ ಕೆಡಿಸುವ ಕೂಸನ್ನು ಸಾಕುವುದು ಕೆಲವು ತಿಂಗಳ ಕಷ್ಟ, ಅದು ಮುಗಿಯುತ್ತದೆ ಎಂಬ ಧೈರ್ಯದ ಮೇಲೆ ತಾಯಂದಿರು ಅದನ್ನು ದಾಟುತ್ತಾರೆ. ಇವಳದ್ದು ಮುಗಿಯುವ ಹಾಗೆ ಕಾಣಲಿಲ್ಲ. ಮಗುವಿನ ಕತ್ತು ಇನ್ನೂ ನಿಂತಿರಲಿಲ್ಲ. ಎಡಗೈಯಲ್ಲಿ ಮಗುವಿನ ತಲೆ ಹಿಡಿದು ಬಲಗೈಯಲ್ಲಿ ಟೋಪಿ ಹೊಲಿದು ಹೊಲಿದು ಅವಳ ಎಡಭುಜ ತಗ್ಗಿಹೋಯಿತು. ಅವಳನ್ನು ನೋಡಿದಾಗ ನನಗೆ ಸಂಕಟವಾಗುತ್ತಿತ್ತು. ಬಾಡಿಗೆ ಬರುತ್ತಿತ್ತು, ಆದರೂ ಸಂಕಟವಾಗುತ್ತಿತ್ತು.

ನಾಲ್ಕನೆಯ ವರ್ಷ ಒಂದು ಪವಾಡ ನಡೆಯಿತು. ಕ್ಲಾರಾ ಎಂಬ ಹೆಸರಿಗೆ ಇಬ್ಬರೂ ಬೇಡ ಎನ್ನಲಿಲ್ಲ. ಎಂಕಾರ್ನಾ ಅದು ತಮ್ಮ ಕಡೆಯ ಹೆಸರೆಂದು ತಿಳಿದರು, ವಿನಿಫ್ರೆಡ್ ಅದು ತಮ್ಮ ಕಡೆಯ ಹೆಸರೆಂದು ತಿಳಿದರು, ಎದುರಿನವರು ಸೋತರೆಂದು ಇಬ್ಬರಿಗೂ ಒಳಗೊಳಗೇ ಖುಷಿಯಾಯಿತು. ಎರಡು ದಡದ ನೆಂಟರನ್ನೂ ಕರೆದರು. ನಾನೂ ತೊಟ್ಟಿಲು ವಾಪಸು ಒಯ್ಯಲು ಹೊಸ ಸೀರೆ ಉಟ್ಟು ಹೋದೆ.

ನಡುಮನೆಯಲ್ಲಿ ತೊಟ್ಟಿಲು, ಅದರ ಆಚೆ ಬದಿಗೆ ಎಂಕಾರ್ನಾ, ಈಚೆ ಬದಿಗೆ ವಿನಿಫ್ರೆಡ್. ಎಂಕಾರ್ನಾ ಎದೆ ಸೆಟೆಸಿ ವಿನಿಫ್ರೆಡ್ ಅವರ ಮುಖವನ್ನೇ ನೋಡುತ್ತಾ "ಕ್ಲಾರಾ" ಎಂದರು. ವಿನಿಫ್ರೆಡ್ ಗದ್ದ ಎತ್ತಿ ಎಂಕಾರ್ನಾ ಅವರ ಮುಖವನ್ನೇ ನೋಡುತ್ತಾ "ಕ್ಲಾರಾ" ಎಂದರು. ಎಂಕಾರ್ನಾ ಇನ್ನಷ್ಟು ಗಟ್ಟಿಯಾಗಿ ಮತ್ತೊಮ್ಮೆ ಹೇಳಿದರು. ಕೊನೆಯ ಮಾತು ತಮ್ಮದಾಗಬೇಕೆಂದು ವಿನಿಫ್ರೆಡ್ ಅದಕ್ಕಿಂತ ಗಟ್ಟಿಯಾಗಿ ಹೇಳಿದರು. ಕಿಟಕಿಯ ಗಾಜು ನಡುಗುವವರೆಗೆ ಹೀಗೇ ನಡೆಯಿತು. ಆಮೇಲೆ ಎರಡು ದಡದವರೂ ಚಪ್ಪಾಳೆ ತಟ್ಟಿದರು, ಹ್ಯೂಬರ್ಟ್ ಪಿಯಾನೋ ನುಡಿಸಿದ, ನಾನು ತೊಟ್ಟಿಲನ್ನು ಹೊತ್ತು ತಂದೆ.

ಹೆಸರು ಹಿಡಿದಿದೆಯೋ ಇಲ್ಲವೋ ಎಂಬುದು ಉಗುರಿನಲ್ಲಿ ಗೊತ್ತಾಗುತ್ತದೆ. ಹೆಸರಿಲ್ಲದ ಮಗುವಿನ ಉಗುರು ಬೆಳೆಯುವುದಿಲ್ಲ. ವಾರ ಕಳೆದ ಮೇಲೆ ಮರಿಸೋಲ್ ಮಗುವನ್ನು ಎತ್ತಿಕೊಂಡು ಅಂಗಡಿಗೆ ಬಂದಳು, ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದಳು. ಉಗುರುಗಳು ಇದ್ದ ಹಾಗೇ ಇದ್ದವು.

"ಇಬ್ಬರೂ ಹೇಳಿದರಲ್ಲ ಅಕ್ಕ, ನೀವೂ ಕೇಳಿದ್ರಲ್ಲ," ಎಂದಳು.

"ಹೇಳಿದ್ರು ಕಣಮ್ಮ. ಆದ್ರೆ ಮಗೂನ ಕರೀಲಿಲ್ಲ. ಒಬ್ಬರ ಮುಖಕ್ಕೆ ಒಬ್ಬರು ಎಸೆದುಕೊಂಡ್ರು. ತೊಟ್ಟಿಲ ಕಡೆ ಒಬ್ಬರಾದ್ರೂ ಬಗ್ಗಿ ನೋಡಿದ್ರಾ?"

ತೊಟ್ಟಿಲನ್ನು ಮತ್ತೆ ಕೊಟ್ಟು ಕಳಿಸಿದೆ. ಇನ್ನೊಮ್ಮೆ, ಈ ಸಲ ಮಗುವಿನ ಮುಖ ನೋಡಿ, ಕ್ಲಾರಾ ಎಂದು ಕರೆಯಿರಿ ಎಂದು ಮರಿಸೋಲ್ ಅಜ್ಜಿಯರಿಗೆ ಹೇಳಿದರೆ ಇಬ್ಬರೂ ಮೂಗು ಮುರಿದರು. ಬೀಗ್ತಿಯವರು ಸರಿಯಾಗಿ ಹೇಳಲಿಲ್ಲ, ಅದಕ್ಕೇ ಹಿಡಿಯಲಿಲ್ಲ ಎಂದು ಇಬ್ಬರ ವಾದ. ಒಮ್ಮೆ ಹಿಡಿಯದ ಹೆಸರು ಅಪಶಕುನ, ಬೇಡ ಎಂದು ತೀರ್ಮಾನವಾಯಿತು. ನಾಲ್ಕು ವರ್ಷಗಳಲ್ಲಿ ಅವರಿಬ್ಬರೂ ಒಮ್ಮತದಿಂದ ಮಾಡಿದ ತೀರ್ಮಾನ ಅದೊಂದೇ.

ಇನ್ನೂ ಎರಡು ವರ್ಷ ಕಳೆಯಿತು. ಮರಿಸೋಲ್ ಹೆತ್ತ ವಾರವೇ ನಮ್ಮ ಕೇರಿಯ ಬಳೆಗಾರರ ಮನೆಯಲ್ಲಿ ಒಂದು ಹೆಣ್ಣು ಮಗು ಹುಟ್ಟಿತ್ತು, ಚೆನ್ನಾಜಿ ಎಂದು ಹೆಸರು. ಆರು ವರ್ಷದ ಚೆನ್ನಾಜಿ ಒಂದು ದಿನ ಮರಿಸೋಲಳ ಬಾಗಿಲಿಗೆ ಬಂದು ನಿಂತಳು. ಅವಳ ಮುಂದಿನ ಎರಡು ಹಲ್ಲು ಬಿದ್ದಿದ್ದವು.

"ಆಂಟಿ, ನಿಮ್ಮ ಮಗಳನ್ನ ಆಟಕ್ಕೆ ಕಳಿಸ್ತೀರಾ?" ಎಂದು ಕೇಳಿದಳು. "ನಾವಿಬ್ರೂ ಒಂದೇ ವಾರ ಹುಟ್ಟಿದ್ದಂತೆ, ನಮ್ಮಮ್ಮ ಹೇಳಿದ್ರು."

ಮರಿಸೋಲ್ ಏನು ಹೇಳಿದಳೋ ನನಗೆ ಕೇಳಲಿಲ್ಲ. ಆ ಹುಡುಗಿ ಒಳಗೆ ಹೋಗಿ, ತೊಟ್ಟಿಲಲ್ಲಿ ಬಗ್ಗಿ ನೋಡಿ, ಸ್ವಲ್ಪ ಹೊತ್ತು ತೂಗಿ, ಬೇಜಾರಾಗಿ ಹೊರಗೆ ಬಂದು ಒಬ್ಬಳೇ ಕುಂಟೆಬಿಲ್ಲೆ ಆಡಿದಳು. ಮರಿಸೋಲ್ ಹೊಸ್ತಿಲಲ್ಲಿ ಕೂತು ಅವಳು ಆಡುವುದನ್ನು ಕತ್ತಲಾಗುವವರೆಗೆ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು, "ನನಗೆ ಆ ಮಗು ಮೇಲೆ ಹೊಟ್ಟೆ ಉರಿ ಬಂತು ಅಕ್ಕ," ಎಂದಳು. "ಹಲ್ಲು ಬಿದ್ದಿರೋ ಮಗು ಮೇಲೆ. ನಾನೇನು ಹೆಸರು ಕೇಳಿದೆನಾ? ಯಾವ ಹೆಸರಾದ್ರೂ ಆಗಲಿ. ನನ್ನ ಮಗಳು ಒಂದು ಸಲ ನನ್ನ ಕರೀಬೇಕು, ಅಷ್ಟೇ. ನನಗೆ ವಯಸ್ಸಾಗ್ತಿದೆ. ಅವಳು ನಡೆಯೋದನ್ನ ನಾನು ನೋಡ್ತೀನೋ ಇಲ್ಲವೋ."

ಅದೇ ವಾರ ಎಂಕಾರ್ನಾ ಸಂತೆಯಿಂದ ಬರುತ್ತಾ ಬಿಸಿಲೆಂದು ನನ್ನ ಅಂಗಡಿಯಲ್ಲಿ ಕೂತರು. ನೀರು ಕೊಟ್ಟೆ. ಬೇರೆ ಯಾರೂ ಇರಲಿಲ್ಲ, ನಾನು ಸೀದಾ ಕೇಳಿದೆ.

"ನಿಜ ಹೇಳಿ, ನಿಮಗೆ ಆ ಮಗು ಬೆಳೆಯೋದು ಬೇಕಾ ಬೇಡವಾ?"

ಅವರು ಸೆರಗಿನಂತೆ ಹೊದ್ದಿದ್ದ ಶಾಲಿನಲ್ಲಿ ಮುಖ ಒರೆಸಿಕೊಂಡರು. "ಬೆಳೆದ ಮೇಲೆ ಮಾತಾಡತ್ತೆ ದೇವೀರಮ್ಮ. ಮೊದಲ ಮಾತು ಯಾವ ಭಾಷೇಲಿ ಆಡತ್ತೆ? ಅಪ್ಪ ಪಿಯಾನೋ ಮುಂದೆ ಕೂರಿಸಿಕೊಂಡು ಇಂಗ್ಲಿಷಲ್ಲೇ ಹಾಡ್ತಾನೆ. ಅದು ಇಂಗ್ಲಿಷ್ ಆಡಿದ ದಿನ ಅವರದ್ದಾಯ್ತು. ನಾನು ಬಂದು ಕೂತರೆ, ಈ ಅಜ್ಜಿ ಏನು ಹೇಳ್ತಾಳೆ ಅಂತ ಅಪ್ಪನನ್ನ ಕೇಳತ್ತೆ. ಈಗ ಹಾಗಿಲ್ಲ. ನಾನು ನನ್ನ ಭಾಷೇಲಿ ಜೋಗುಳ ಹಾಡಿದ್ರೂ ನಗತ್ತೆ. ಈಗ ಅರ್ಧ ನನ್ನದು."

ನನಗೆ ಕೋಪ ಬಂತು. ಆ ಕೋಪದ ಜೊತೆಗೇ ಅಯ್ಯೋ ಎನ್ನಿಸಿತು, ಅದು ಇನ್ನೂ ಕೆಟ್ಟದ್ದು. ವಿನಿಫ್ರೆಡ್ ಅವರನ್ನು ಕೇಳಬೇಕಾಗಿಯೇ ಇರಲಿಲ್ಲ. ಆದರೂ ಒಂದು ಬೆಳಿಗ್ಗೆ ಅವರು ನನ್ನ ಕಟ್ಟೆಯ ಮೇಲೆ ಕೊಡೆ ಮಡಚಿ ಕೂತಾಗ ಕೇಳಿದೆ. "ಮಗು ತಾಯಿ ಭಾಷೆಯನ್ನೇ ತಾನೇ ಮೊದಲು ಆಡೋದು?" ಎಂದರು, ನದಿಯ ಕಡೆ ನೋಡುತ್ತಾ. "ಆಮೇಲೆ ನನ್ನನ್ನ ಯಾರು ಕೇಳ್ತಾರೆ?" ಆರು ವರ್ಷ ಹೆಸರಿನ ಮೇಲೆ ಗೂಬೆ ಕೂರಿಸಿದ್ದೇ ಬಂತು. ಹೆದರಿಕೆ ಇದ್ದದ್ದು ಮಗುವಿನ ನಾಲಗೆಯ ಬಗ್ಗೆ.

ಇದನ್ನೆಲ್ಲ ಹೋಗಿ ಮರಿಸೋಲಳಿಗೆ ಹೇಳಿದೆ. ಬಾಡಿಗೆ ತೊಟ್ಟಿಲಿನವಳು ಹೇಳಬಾರದ ಮಾತು, ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಂಡೆ. ಅವಳು ಕೂಗಾಡಲಿಲ್ಲ. ಹೊಲಿಯುತ್ತಿದ್ದ ಟೋಪಿಯ ದಾರವನ್ನು ಹಲ್ಲಿನಿಂದ ಕಡಿದು, "ಅರ್ಧ ಅರ್ಧವಂತಾ?" ಎಂದಳು. "ಸರಿ."

ಮರುದಿನ ತೊಟ್ಟಿಲನ್ನು ಬಿಚ್ಚಿ ತಂದು ನನ್ನ ಅಂಗಡಿಯಲ್ಲಿ ಇಟ್ಟಳು. ಹೆಸರಿಡುವ ಮುಂಚೆ ತೊಟ್ಟಿಲು ವಾಪಸು ಬಂದದ್ದು ಈ ಅಂಗಡಿ ನಡೆಸುತ್ತಿದ್ದ ನನ್ನ ಅತ್ತೆಯ ಕಾಲದಲ್ಲೂ ಇರಲಿಲ್ಲ. ಬೀದಿಯವರೆಲ್ಲ ನಿಂತು ನೋಡಿದರು.

ಆ ಭಾನುವಾರ ಅಜ್ಜಿಯರು ಬಂದಾಗ ಊಟದ ಮೇಜು ಖಾಲಿ. ಮರಿಸೋಲ್ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಒತ್ತಾಗಿ ಕೂರಿಸಿದಳು. ಮಗುವನ್ನು ಅವರಿಬ್ಬರ ತೊಡೆಗಳ ಮೇಲೆ ಅಡ್ಡಲಾಗಿ ಮಲಗಿಸಿದಳು.

"ಅರ್ಧ ನಿಮ್ಮದು, ಅರ್ಧ ನಿಮ್ಮದು," ಎಂದಳು. "ಇವತ್ತು ನೋಡಿಕೊಳ್ಳಿ."

"ತಲೆ ಯಾಕೆ ಅವರ ಕಡೆ?" ಎಂದು ವಿನಿಫ್ರೆಡ್ ಕೇಳುವಷ್ಟರಲ್ಲಿ ಅವಳು ಹ್ಯೂಬರ್ಟನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದು, ಬಾಗಿಲು ಮುಂದೆ ಮಾಡಿ, ನನ್ನ ಅಂಗಡಿಯಲ್ಲಿ ಕೂತಳು. ಹ್ಯೂಬರ್ಟ್ ಅವಳ ಮುಖ ನೋಡಿದ, ಅದೂ ಸರಿಯೇ ಎನ್ನಲು ಬಾಯಿ ತೆರೆದ, ಆಮೇಲೆ ಯಾಕೋ ಬಾಯಿ ಮುಚ್ಚಿದ.

ಮಗುವಿಗೆ ಹಸಿವಾಗುವ ಹೊತ್ತು. ಅಳು ಶುರುವಾಯಿತು. ನಾನು ಕಿವಿಯಿಟ್ಟು ಕೇಳಿದೆ ಎಂದು ಯಾರೂ ಹೇಳುವ ಹಾಗಿಲ್ಲ, ಅದು ಸೇತುವೆಯ ಆಚೆಗೂ ಕೇಳುವಂತಿತ್ತು. ಆರು ವರ್ಷಗಳಿಂದ ಭಾನುವಾರ ಬಂದು, ಊಟ ಮಾಡಿ, ಕೆನ್ನೆ ಹಿಂಡಿ, ಅಳುವ ಮೊದಲೇ ತಾಯಿಯ ಕೈಗೆ ಕೊಟ್ಟು ಹೋಗುತ್ತಿದ್ದವರಿಗೆ ಅಳುವ ಮಗು ಹೊಸದು. ಎದ್ದು ತೂಗಾಡಿಸೋಣವೆಂದರೆ ಒಬ್ಬರು ಎದ್ದರೆ ಇನ್ನೊಬ್ಬರ ಅರ್ಧ ಜಾರುತ್ತದೆ. ಇಡೀ ಮಗುವನ್ನು ಬೀಗ್ತಿಯ ಕೈಗೆ ಕೊಡುವುದಕ್ಕೆ ಇಬ್ಬರಿಗೂ ಮನಸ್ಸಿಲ್ಲ. ಮರಿಸೋಲಳ ಎದೆಯ ಮೇಲೆ ಬಟ್ಟೆ ಒದ್ದೆಯಾಗುತ್ತಿತ್ತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದಳು, ಇಲ್ಲದಿದ್ದರೆ ಓಡಿಬಿಡುತ್ತಿದ್ದಳು. "ಹೋಗಿ ಎತ್ಕೊಂಡು ಬಾರಮ್ಮ, ಸಾಕು," ಎಂದೆ. ಅವಳು ತಲೆ ಅಲ್ಲಾಡಿಸಿದಳು.

"ಸುಮ್ನಿರು ಕೂಸೇ, ಸುಮ್ನಿರು," ಎಂದು ಎಂಕಾರ್ನಾ ಗೋಗರೆಯುವುದು ಕೇಳಿಸಿತು. "ಬೀಗ್ತಿಯವರೇ, ಮಗು ನೀಲಿ ಆಗ್ತಿದೆ. ಏನಾದ್ರೂ ಹೇಳಿ."

"ಏನಂತ ಕರೀಲಿ ಇದನ್ನ? ನೀವು ಒಂದು ಹೆಸರಾದ್ರೂ ಉಳಿಸಿದೀರಾ?"

"ಯಾವುದಾದ್ರೂ ಕರೀರಿ. ಸುಮ್ನಾದ್ರೆ ಸಾಕು."

ಆಮೇಲೆ ಹೆಸರುಗಳು ಉದುರತೊಡಗಿದವು. ಆನಾ, ನೋಡೇ ಇಲ್ಲಿ ಆನಾ. ಇಸಾಬೆಲ್, ನನ್ನ ಬಂಗಾರ, ಅಳಬೇಡ. ಲಾರಾ, ಲಾರಾ, ನೋಡು ಚಮಚ. ಬೇಡವೆಂದು ತಳ್ಳಿದ ಹೆಸರುಗಳನ್ನೆಲ್ಲ ಇಬ್ಬರೂ ಬಾಚಿ ಬಾಚಿ ತಂದು ಮಗುವಿನ ಮುಖದ ಮೇಲೆ ಬಗ್ಗಿ ಸುರಿದರು. ಅಡುಗೆಯವನ ಜೊತೆ ಓಡಿಹೋದವಳೂ ಬಂದಳು, ಬೆಕ್ಕೂ ಬಂತು, ಗಯ್ಯಾಳಿಯರೆಲ್ಲ ಸಾಲಾಗಿ ಬಂದರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹಿಡಿದುಕೊಂಡು ರಾಗ ಎಳೆಯುತ್ತಿದ್ದರು. ಯಾವ ಹೆಸರಿಗೋ ಏನೋ, ಇಲ್ಲ ಸುಸ್ತಾಗಿಯೋ, ಮಗು ಸುಮ್ಮನಾಯಿತು. ಮರಿಸೋಲ್ ಎದ್ದು ಹೋಗಿ ಬಾಗಿಲು ತೆಗೆದಾಗ ಇಬ್ಬರು ಅಜ್ಜಿಯರೂ ಕೂದಲು ಕೆದರಿಕೊಂಡು, ಅಲುಗಾಡಿದರೆ ಎದ್ದೀತೆಂದು ಉಸಿರು ಬಿಗಿಹಿಡಿದು ಕೂತಿದ್ದರು. ಆ ದಿನ ಮೊದಲ ಬಾರಿಗೆ ಅವರು ಏನನ್ನೂ ತಿನ್ನದೆ, ಏನನ್ನೂ ಟೀಕಿಸದೆ ಮನೆಗೆ ಹೋದರು.

ವಾರ ಕಳೆದಿರಬೇಕು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ಮರಿಸೋಲ್ ಬರಿಗಾಲಲ್ಲಿ ಓಡಿ ಬಂದಳು. ಅವಳ ಕೆನ್ನೆಯ ಮೇಲೆ ಕೆಂಪಗೆ ಒಂದು ಗೀರು.

"ಯಾರಮ್ಮ ಹೊಡೆದಿದ್ದು?" ಎಂದು ಗಾಬರಿಯಾಗಿ ಕೇಳಿದೆ.

"ಪರಚಿದಳು ಅಕ್ಕ," ಎಂದಳು. ಗೀರಿನ ಮೇಲೆ ಕಣ್ಣೀರು ಹರಿದು ಉರಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. "ಪರಚಿದಳು."

ಊರಿನಲ್ಲಿ ಸುದ್ದಿ ಹಬ್ಬಿತು. ಮಗುವಿನ ಕತ್ತು ನಿಂತಿತು, ಬೋರಲು ಬಿತ್ತು, ಅಂಬೆಗಾಲಿಟ್ಟಿತು. ಹೆಸರು ಹಿಡಿದಿದೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಯಾವ ಹೆಸರು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಆ ದಿನ ಇಬ್ಬರೂ ಕರೆದ ಹೆಸರುಗಳು ಒಂದೇ ಎರಡೇ? ಹೀಗಾಗಿ ಭಾನುವಾರದ ಊಟ ನಿಲ್ಲಲಿಲ್ಲ. ಯಾವ ಹೆಸರಿಡಬೇಕು ಎಂಬ ಜಗಳ ಮುಗಿದು, ಯಾವ ಹೆಸರು ಹಿಡಿಯಿತು ಎಂಬ ಜಗಳ ಶುರುವಾಯಿತು. ಕ್ಲಾರಾ ಎಂದಾಗಲೇ ಸುಮ್ಮನಾದದ್ದು ಎಂದರು ವಿನಿಫ್ರೆಡ್. ಇಸಾಬೆಲ್ ಎಂದಾಗ ನಕ್ಕದ್ದನ್ನು ಕಣ್ಣಾರೆ ಕಂಡೆ ಎಂದರು ಎಂಕಾರ್ನಾ. ಅಡುಗೆಯವನ ವಿಷಯವನ್ನು ಅವರು ಆ ಚಿಕ್ಕಮ್ಮನಿಗೆ ಕ್ಷಮಿಸಿಬಿಟ್ಟಿದ್ದರು. ಮಗು ಎಲ್ಲ ಹೆಸರಿಗೂ ತಿರುಗಿ ನೋಡುತ್ತಿತ್ತು, ಬೆಕ್ಕಿನದ್ದಕ್ಕೂ. ಮಾತು ಬಂದ ಮೇಲೆ ಅದೇ ಹೇಳಲಿ ಎಂದು ಕೊನೆಗೆ ಒಪ್ಪಂದವಾಯಿತು. ಅಲ್ಲಿಂದ ಇಬ್ಬರೂ ಮಗುವಿನ ಒಂದೊಂದು ಕಿವಿಯನ್ನು ಹಂಚಿಕೊಂಡು, ತಮ್ಮ ತಮ್ಮ ಭಾಷೆಯಲ್ಲಿ ವರ್ಷದ ಮೇಲೆ ಪಿಸುಗುಟ್ಟಿದರು.

ಮಗುವಿಗೆ ಮಾತು ಬಂದ ಭಾನುವಾರ ನಾನೂ ಇದ್ದೆ. ಮಗು ಮೇಜಿನ ಕಾಲು ಹಿಡಿದು ನಿಂತಿತ್ತು. ಏನೋ ಹೇಳುವ ಹಾಗೆ ತುಟಿ ಆಡಿಸುತ್ತಿದ್ದುದನ್ನು ನೋಡಿ ಇಬ್ಬರೂ ಕುರ್ಚಿ ಬಿಟ್ಟು ಇಳಿದು, ಆ ವಯಸ್ಸಿನಲ್ಲಿ ಆ ಮಂಡಿಗಳಲ್ಲಿ, ನೆಲದ ಮೇಲೆ ಕೂತರು. ಬೀಗ್ತಿಗೆ ತಿಳಿಯದಂತೆ ಮೋಸ ಮಾಡಬಾರದೆಂದು ಕನ್ನಡದಲ್ಲೇ ಕೇಳಬೇಕೆಂಬ ಷರತ್ತೂ ಆಗಿತ್ತು.

"ಹೇಳು ಬಂಗಾರ, ನೀನು ಕ್ಲಾರಾ ಅಲ್ವಾ?" ಎಂದರು ವಿನಿಫ್ರೆಡ್.

ಮಗು ಅವರನ್ನು ನೋಡಿತು. "ಬೇಡ," ಎಂದಿತು.

ಸ್ಪಷ್ಟವಾಗಿ, ನಿಧಾನವಾಗಿ, ದೊಡ್ಡವರು ಹೇಳುವ ಹಾಗೆ.

"ಇಸಾಬೆಲ್, ಅಲ್ವಾ ನನ್ನ ತಾಯಿ?" ಎಂದರು ಎಂಕಾರ್ನಾ.

"ಬ್ಯಾಡ."

ಆನಾ ಬೇಡ, ಲಾರಾ ಬೇಡ. ಎಂಕಾರ್ನಾ ಧೈರ್ಯ ಮಾಡಿ ಎಂಕಾರ್ನಾ ಎಂದರು, ವಿನಿಫ್ರೆಡ್ ತಡೆಯಲಾರದೆ ವಿನಿಫ್ರೆಡ್ ಎಂದರು, ಅವೂ ಬೇಡ. ಏಳು ವರ್ಷ ಆ ಮಗು ಊಟದ ಮೇಜಿನಿಂದ ಕೇಳಿದ ಮಾತು ಅದೊಂದೇ, ಆ ಮೇಜಿನಲ್ಲಿ ಆಡುತ್ತಿದ್ದ ಭಾಷೆಯೂ ಕನ್ನಡವೊಂದೇ. ಬೀಗ್ತಿಯರಿಬ್ಬರೂ ಮುಖ ಮುಖ ನೋಡಿಕೊಂಡರು. ಮಗು ಇಂಗ್ಲಿಷಿನವರದ್ದೂ ಆಗಲಿಲ್ಲ, ಸ್ಪ್ಯಾನಿಷಿನವರದ್ದೂ ಆಗಲಿಲ್ಲ. ನಾನು ಹೆಮ್ಮೆ ಪಡಬೇಕೋ ನಾಚಬೇಕೋ ತಿಳಿಯದೆ ಪುಡಿಂಗಿನ ತಟ್ಟೆ ನೋಡುತ್ತಾ ಕೂತೆ.

ಮಗು ಇಬ್ಬರು ಅಜ್ಜಿಯರ ನಡುವಿನಿಂದ ತೂರಿಕೊಂಡು, ಮೇಜು ಬಿಟ್ಟು, ನೆಲದ ಮೇಲೆ ಅತ್ತಿತ್ತ ವಾಲುತ್ತಾ ನಡೆಯಿತು. ಅಡುಗೆಮನೆಯ ಬಾಗಿಲಲ್ಲಿ ಕೈಯಲ್ಲಿ ಲೋಟ ಹಿಡಿದು ನಿಂತಿದ್ದ ಮರಿಸೋಲಳ ಲಂಗವನ್ನು ಹಿಡಿದುಕೊಂಡಿತು.

"ಅಮ್ಮಾ," ಎಂದಿತು. "ಎತ್ಕೋ."

ಅವಳು ಲೋಟವನ್ನು ಎಲ್ಲಿಟ್ಟಳೋ, ಬಗ್ಗಿ ಎಡಗೈಯಲ್ಲಿ ಎತ್ತಲು ಹೋದಳು. ಆ ಕೈಗೆ ಒಂದೇ ತೂಕ ಗೊತ್ತಿತ್ತು, ಆಗಲಿಲ್ಲ. ಎರಡೂ ಕೈ ಹಾಕಿ, ಗೋಡೆಗೆ ಒರಗಿ, ಉಸಿರು ಕಟ್ಟಿ ಎತ್ತಿಕೊಂಡಳು.

"ಭಾರ ಇದ್ದಾಳೆ ಅಕ್ಕ," ಎಂದಳು ನನಗೆ. ಇಲ್ಲಿ ಕೊಡು ಎಂದು ಅಜ್ಜಿಯರಿಬ್ಬರೂ ಕೈ ಚಾಚಿದರು. ಅವಳು ಕೊಡಲಿಲ್ಲ.